ಸಮುದಾಯ ನೀರಾವರಿ ಮತ್ತು ಗ್ರಾಮೀಣ ಬಡತನ ನಿವಾರಣೆ – ಒಂದು ಅವಲೋಕನ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದುದು ತರಗತಿಯ ಹಾಜರಿ ಪುಸ್ತಕ. ಸುಗ್ಗಿ ಮುಗಿದು ಸಂಕ್ರಾಂತಿ ಕಳೆಯಿತೆಂದರೆ, ಗುರುಗಳು ಹಾಜರಿ ಕೂಗುವಾಗ ಉತ್ತರ ಬಾರದ ಹೆಸರುಗಳು ಹೆಚ್ಚುತ್ತಿದ್ದವು. ರಾಗಿ ಕೈಗೆ ಹತ್ತದ ವರ್ಷ ಅಂಥವರ ಸಂಖ್ಯೆ ಇನ್ನೂ ಹೆಚ್ಚು. ತಂದೆತಾಯಿಗಳೊಡನೆ ಬೆಂಗಳೂರಿನ ಕಡೆಗೆ ಕಟ್ಟಡದ ಕೂಲಿಗೆ ಹೋದ ಆ ಮಕ್ಕಳಲ್ಲಿ ಕೆಲವರು ಮುಂಗಾರಿಗೆ ಮರಳಿ ಬಂದರು. ಕೆಲವರು ಬರಲೇ ಇಲ್ಲ. ಲೆಕ್ಕದಲ್ಲಿ ನನಗಿಂತ ಎಷ್ಟೋ ಮುಂದಿದ್ದ ಸಹಪಾಠಿಯೊಬ್ಬನು ಹೀಗೆಯೇ ಹೋದವನು. ಅವನ ಮನೆಗೆ ಮೂರು ಎಕರೆ ಹೊಲವಿತ್ತು. ಇಲ್ಲದಿದ್ದುದು ನೀರು ಮಾತ್ರ.

ಅಂಚೆಟ್ಟಿ ಸೀಮೆಯ ಬಡತನವನ್ನು ಕುರಿತು ಮಾತನಾಡುವವರು ಹಣೆಬರಹದ ಮಾತನ್ನೋ ಸರಕಾರದ ಮಾತನ್ನೋ ಆಡಿ ಮುಗಿಸುವುದುಂಟು. ಆದರೆ ಹೊಲವಿದ್ದೂ ಬಡವನಾಗುವುದಕ್ಕೆ ಕಾರಣವೇನು, ಊರಿನ ಜನರು ಒಡಗೂಡಿ ಆ ಕಾರಣವನ್ನು ನೀಗಿಕೊಂಡ ಉದಾಹರಣೆಗಳಿವೆಯೇ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನಮ್ಮ ನೆಲ, ನಮ್ಮ ಮಳೆ

2004ರವರೆಗೆ ಧರ್ಮಪುರಿ ಜಿಲ್ಲೆಗೂ ಅನಂತರ ಕೃಷ್ಣಗಿರಿ ಜಿಲ್ಲೆಗೂ ಸೇರಿದ ನಮ್ಮ ಸೀಮೆಯು ಮೇಲಗಿರಿ ಬೆಟ್ಟಗಳ ಮಡಿಲಿನಲ್ಲಿದೆ. ಇಲ್ಲಿಯ ಹಳ್ಳಗಳು ಕಾಡಿನ ನಡುವೆ ಇಳಿದು ಕಾವೇರಿಯನ್ನು ಸೇರುತ್ತವೆ. ಕಾವೇರಿಯು ಇಷ್ಟು ಸಮೀಪದಲ್ಲಿ ಹರಿದರೂ ಆಳದ ಕಣಿವೆಯಲ್ಲಿ ಹರಿಯುವುದರಿಂದ ನಮ್ಮ ಹೊಲಗಳಿಗೆ ಅದರ ನೀರು ಏರಿ ಬರುವಂತಿಲ್ಲ. ಆದಕಾರಣ ರಾಗಿ, ಸಾಮೆ, ಅವರೆ, ಹುರುಳಿ, ಹುಚ್ಚೆಳ್ಳುಗಳೆಲ್ಲವೂ ಮಳೆಯನ್ನೇ ನಂಬಿವೆ.

ಹಾಗೆಂದು ಮಳೆ ಬಾರದ ನಾಡು ನಮ್ಮದಲ್ಲ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರು. ಅದರ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ 40 ಸಾವಿರ ಲೀಟರು ನೀರಾಯಿತು. ವರ್ಷಕ್ಕೆ 800 ಮಿಲಿಮೀಟರು ಮಳೆಯೆಂದು ಹಿಡಿದರೆ ಎಕರೆಯೊಂದರ ಮೇಲೆ 32 ಲಕ್ಷ ಲೀಟರು ಬೀಳುತ್ತದೆ. ಇದರಲ್ಲಿ ಬಹುಪಾಲು ಕೆಲವೇ ದಿನಗಳ ಜೋರುಮಳೆಯಾಗಿ ಬಂದು, ಇಳಿಜಾರಿನಲ್ಲಿ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ರಾಗಿಯು ತೆನೆ ಹೊರಡುವ ಕಾಲದಲ್ಲಿ ಎರಡು ಮೂರು ವಾರ ಮಳೆ ಕೈಕೊಟ್ಟರೆ ಬೆಳೆ ಜೊಳ್ಳಾಗುತ್ತದೆ. ಆ ಸಮಯದಲ್ಲಿ ಐದು ಸೆಂಟಿಮೀಟರಿನ ಒಂದೇ ಒಂದು ಹಾಯಿನೀರು, ಅಂದರೆ ಎಕರೆಗೆ ಸುಮಾರು 2 ಲಕ್ಷ ಲೀಟರು ದೊರೆತರೆ ಬೆಳೆ ಉಳಿಯುತ್ತದೆ. ನಲವತ್ತು ಮೀಟರು ಉದ್ದ, ಇಪ್ಪತ್ತೈದು ಮೀಟರು ಅಗಲ, ಎರಡು ಮೀಟರು ಆಳದ ಕುಂಟೆಯೊಂದರಲ್ಲಿ 20 ಲಕ್ಷ ಲೀಟರು ನಿಲ್ಲುತ್ತದೆ. ಅರ್ಧದಷ್ಟು ಆವಿಯಾಗಿಯೂ ಇಂಗಿಯೂ ಹೋಯಿತೆಂದರೂ ಐದು ಎಕರೆಯ ರಾಗಿಯನ್ನು ಅದು ಕಾಪಾಡಬಲ್ಲದು. ಆ ಕುಂಟೆಗೆ ಬೇಕಾದ ನೆಲ ಕಾಲು ಎಕರೆ ಮಾತ್ರ.

ಹಾಗಾದರೆ ಕುಂಟೆಗಳೇಕೆ ಇಲ್ಲ? ಅಥವಾ ಇದ್ದವು ಏಕೆ ಹೂಳು ತುಂಬಿವೆ? ಕಾಲು ಎಕರೆಯನ್ನು ಬಿಟ್ಟುಕೊಡುವವರು ಯಾರು, ಅಗೆಯುವವರು ಯಾರು, ನೀರು ಮೊದಲು ಯಾರ ಹೊಲಕ್ಕೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ಒಬ್ಬ ರೈತನು ಉತ್ತರ ಕೊಡಲಾರ. ಊರು ಕೊಡಬೇಕು.

ಪೂರ್ವಿಕರ ಏರ್ಪಾಡು

ಊರು ಉತ್ತರ ಕೊಟ್ಟ ಕಾಲವೊಂದಿತ್ತು. ಕನ್ನಡ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’, ‘ದಶವಂದ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ಉಸ್ತುವಾರಿಗಾಗಿ ಮೀಸಲಿಟ್ಟ ಪಾಲು, ಕೆರೆ ಕಟ್ಟಿಸಿದವರಿಗೂ ದುರಸ್ತಿ ಮಾಡಿಸಿದವರಿಗೂ ಬಿಟ್ಟುಕೊಟ್ಟ ಭೂಮಿ ಇವುಗಳನ್ನು ಆ ಪದಗಳು ಸೂಚಿಸುತ್ತವೆ. ತಮಿಳುನಾಡಿನ ಉತ್ತಿರಮೇರೂರಿನಲ್ಲಿರುವ ಹತ್ತನೆಯ ಶತಮಾನದ ಚೋಳ ಶಾಸನಗಳು ಊರಿನ ಸಭೆಯು ಕೆರೆಗೆಂದೇ ಪ್ರತ್ಯೇಕವಾದ ‘ಏರಿ ವಾರಿಯಂ’ ಎಂಬ ಸಮಿತಿಯನ್ನು ಆರಿಸುತ್ತಿದ್ದುದನ್ನು ತಿಳಿಸುತ್ತವೆ. ಕೋಲಾರದ ಕಡೆಯ ಹಳ್ಳಿಗಳಲ್ಲಿ ನೀರಗಂಟಿಯೆಂಬವನಿದ್ದ. ತೂಬು ತೆರೆಯುವ, ಮುಚ್ಚುವ, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವ ಅಧಿಕಾರ ಅವನದು. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಕೆರೆ ಅರೆ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ಬೆಳೆಯಿಡಬೇಕೆಂಬುದನ್ನು ಊರಿನವರು ಕೂಡಿ ತೀರ್ಮಾನಿಸುತ್ತಿದ್ದರು.

ಕಾಲುವೆ ತೋಡುವುದು, ಏರಿಗೆ ಮಣ್ಣು ಹಾಕುವುದು, ಹೂಳೆತ್ತುವುದು ಇವಕ್ಕೆ ಮನೆಗೊಂದಾಳು ಬರಬೇಕಾಗಿತ್ತು. ಇದನ್ನೇ ತಮಿಳಿನಲ್ಲಿ ‘ಕುಡಿಮರಾಮತ್ತು’ ಎನ್ನುವರು. ಈ ಪದ್ಧತಿಯು ಸಡಿಲವಾದಾಗ ಮದರಾಸಿನ ಆಂಗ್ಲ ಸರಕಾರವು 1858ರಲ್ಲಿ ಕಡ್ಡಾಯ ದುಡಿಮೆಯ ಕಾಯ್ದೆಯೊಂದನ್ನು ತರಬೇಕಾಯಿತು. ಜನರು ತಮ್ಮದೆಂದು ತಿಳಿದು ಮಾಡುತ್ತಿದ್ದ ಕೆಲಸವನ್ನು ಕಾಯ್ದೆಯ ಭಯದಿಂದ ಮಾಡಿಸಲು ಹೊರಟಾಗ ಅದು ಬಿಟ್ಟಿಯ ದುಡಿಮೆಯಂತೆ ತೋರಿದುದು ಸಹಜವೇ ಆಗಿದೆ.

ಆದರೆ ಹಿಂದಿನದೆಲ್ಲವೂ ಚಿನ್ನವೆಂದು ಭಾವಿಸುವುದು ಸತ್ಯಕ್ಕೆ ದೂರವಾದೀತು. ಕೆರೆಯ ನೀರು ಅಚ್ಚುಕಟ್ಟಿನಲ್ಲಿ ಗದ್ದೆಯಿದ್ದವರ ಸ್ವತ್ತಾಗಿತ್ತು. ಹಲವೆಡೆ ತೂಬನ್ನು ಕಾಯುವ ನೀರಗಂಟಿಯೂ ಏರಿಗೆ ಮಣ್ಣು ಹೊತ್ತವರೂ ಊರಿನ ಹೊರಗಿನ ಕೇರಿಯವರು. ಅವರ ಹೊಲಕ್ಕೆ, ಇದ್ದರೆ, ನೀರು ಕಡೆಗೆ ತಲಪುತ್ತಿತ್ತು. ಇಂದು ನಾವು ಸಮುದಾಯದ ನೀರಾವರಿಯೆಂದು ಹೇಳುವಾಗ ‘ಸಮುದಾಯ’ ಎಂಬ ಮಾತಿನೊಳಗೆ ಯಾರು ಯಾರು ಸೇರುತ್ತಾರೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಕೊಳವೆ ಬಾವಿಯ ಪಾಠ

ಕಪಿಲೆಯ ಬಾವಿಗಳ ಕಾಲದಲ್ಲಿ ಎತ್ತುಗಳು ದಣಿಯುವಷ್ಟು ಮಾತ್ರ ನೀರೆತ್ತಲು ಸಾಧ್ಯವಿತ್ತು. ವಿದ್ಯುತ್ ಪಂಪು ಬಂದ ಮೇಲೆ ಆ ಮಿತಿ ಹೋಯಿತು. 1990ರಲ್ಲಿ ತಮಿಳುನಾಡಿನಲ್ಲಿ ಬೇಸಾಯದ ವಿದ್ಯುತ್ತು ಉಚಿತವಾಯಿತು. ಇದರಿಂದ ಬಡರೈತನಿಗೆ ಉಪಕಾರವಾದುದು ನಿಜ. ಎತ್ತಿದ ನೀರಿಗೆ ಲೆಕ್ಕವಿಲ್ಲದಂತಾದುದೂ ನಿಜ. ಒಬ್ಬನು 300 ಅಡಿ ಕೊರೆಸಿದರೆ ಪಕ್ಕದವನು 500 ಅಡಿ ಕೊರೆಸುತ್ತಾನೆ; ಮೊದಲಿನವನ ಬಾವಿ ಬತ್ತುತ್ತದೆ. ನನ್ನ ತಂದೆಯವರೂ ಸಾಲಮಾಡಿ ಕೊರೆಸಿದರು. ನೀರು ಎರಡು ಬೇಸಗೆಗೆ ನಿಂತಿತು. ಸಾಲ ತೀರಲು ಒಂಬತ್ತು ವರ್ಷ ಹಿಡಿಯಿತು. ಭೂಮಿಯ ಮೇಲೆ ಬೇಲಿಯುಂಟು, ಭೂಮಿಯ ಕೆಳಗಿನ ನೀರಿಗೆ ಬೇಲಿಯಿಲ್ಲವೆಂಬ ಸತ್ಯವನ್ನು ನಮ್ಮ ಮನೆ ಹೀಗೆ ಕಲಿಯಿತು.

ನಾಯಗಾಂವ್: ನೀರಿನ ಪಂಚಾಯಿತಿ

ಈ ಪ್ರಶ್ನೆಗೆ ಮಹಾರಾಷ್ಟ್ರದ ಒಂದು ಬರಡು ಹಳ್ಳಿಯು ಕೊಟ್ಟ ಉತ್ತರವು ಸ್ಮರಣೀಯ. 1972ರ ಭೀಕರ ಬರದಲ್ಲಿ ರೈತರು ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದುದನ್ನು ಕಂಡ ಪುಣೆಯ ಎಂಜಿನಿಯರ್ ಮತ್ತು ಉದ್ಯಮಿ ವಿಲಾಸರಾವ್ ಸಾಳುಂಖೆಯವರು ಪುರಂದರ ತಾಲ್ಲೂಕಿನ ನಾಯಗಾಂವ್‌ನಲ್ಲಿ ದೇವಸ್ಥಾನದ ಸುಮಾರು 40 ಎಕರೆ ಜಮೀನನ್ನು ಗೇಣಿಗೆ ಪಡೆದರು. ಇಳಿಜಾರಿಗೆ ಅಡ್ಡವಾಗಿ ಬದುಗಳನ್ನೂ, ಅದರ ಕೆಳಗೆ ಇಂಗುಕೆರೆಯನ್ನೂ, ಅದಕ್ಕೂ ಕೆಳಗೆ ಬಾವಿಯನ್ನೂ ಮಾಡಿ, ಅಲ್ಲಿಂದ ನೀರನ್ನು ಮೇಲಕ್ಕೆತ್ತಿ ಬೆಳೆ ತೆಗೆದು ತೋರಿಸಿದರು. ಇದರಿಂದ ಹುಟ್ಟಿದ್ದು ‘ಪಾನಿ ಪಂಚಾಯತ್’ ಚಳವಳಿ.

ಅದರ ನಿಯಮಗಳು ಕೆಲವೇ. ಆದರೆ ಬಹು ವಿಚಾರಪೂರ್ವಕವಾದವು. ಒಬ್ಬೊಬ್ಬ ರೈತನಿಗಲ್ಲದೆ ರೈತರ ಗುಂಪಿಗೆ ಮಾತ್ರ ಯೋಜನೆ. ನೀರಿನ ಪಾಲು ಜಮೀನಿನ ಅಳತೆಯಂತಲ್ಲ, ಮನೆಯ ಜನರ ಸಂಖ್ಯೆಯಂತೆ: ತಲೆಗೆ ಅರ್ಧ ಎಕರೆ, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆ. ಕಬ್ಬಿನಂಥ ಅತಿಯಾಗಿ ನೀರು ಬೇಡುವ ಬೆಳೆ ಕೂಡದು. ಜಮೀನನ್ನು ಮಾರಿದರೆ ನೀರಿನ ಹಕ್ಕು ಅದರೊಡನೆ ಹೋಗದು. ಜಮೀನಿಲ್ಲದವರಿಗೂ ನೀರಿನಲ್ಲಿ ಪಾಲುಂಟು. ವೆಚ್ಚದಲ್ಲಿ ಐದರಲ್ಲೊಂದು ಭಾಗವನ್ನು ಫಲಾನುಭವಿಗಳೇ ಭರಿಸಬೇಕು. ನೀರಾವರಿಯ ಇತಿಹಾಸದಲ್ಲಿ ಹೊಲದ ಅಳತೆಯನ್ನು ಬಿಟ್ಟು ಹೊಟ್ಟೆಯ ಲೆಕ್ಕವನ್ನು ಹಿಡಿದ ಈ ತತ್ತ್ವವು ಅಪೂರ್ವವಾದುದು.

ಸುಖೋಮಾಜ್ರಿ: ಬೆಟ್ಟವನ್ನು ಉಳಿಸಿದ ನೀರು

ಇನ್ನೊಂದು ಉದಾಹರಣೆ ಹರಿಯಾಣದ ಶಿವಾಲಿಕ ಬೆಟ್ಟಗಳ ತಪ್ಪಲಿನ ಸುಖೋಮಾಜ್ರಿ. ಚಂಡೀಗಢದ ಸುಖನಾ ಸರೋವರವು ಹೂಳಿನಿಂದ ತುಂಬುತ್ತಿರಲು, ಆ ಮಣ್ಣು ಎಲ್ಲಿಂದ ಬರುತ್ತದೆಂದು ಹುಡುಕಿಕೊಂಡು ಹೋದ ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ. ಆರ್. ಮಿಶ್ರ ಅವರು ಈ ಹಳ್ಳಿಯ ಬೋಳು ಬೆಟ್ಟಗಳನ್ನು ತಲಪಿದರು. ಅಲ್ಲಿಯ ಬಡವರು ಬದುಕಿಗಾಗಿ ಮೇಕೆಗಳನ್ನು ಬೆಟ್ಟಕ್ಕೆ ಬಿಡುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಮಣ್ಣಿನ ಸಣ್ಣ ಒಡ್ಡುಗಳನ್ನು ಕಟ್ಟಿ ಮಳೆನೀರನ್ನು ಹೊಲಗಳಿಗೆ ಹಾಯಿಸಲಾಯಿತು. ಆಗ ಊರಿನವರಿಗೆ ಒಂದು ಮಾತು ಸ್ಪಷ್ಟವಾಯಿತು: ಬೆಟ್ಟದಲ್ಲಿ ಮೇಕೆ ಮೇದರೆ ಒಡ್ಡಿನಲ್ಲಿ ಹೂಳು, ಹೂಳು ತುಂಬಿದರೆ ನೀರಿಲ್ಲ. ಆದರೆ ಹೊಲವಿಲ್ಲದ ಮೇಕೆಯವನು ಬೆಟ್ಟವನ್ನೇಕೆ ಬಿಡಬೇಕು? ಅದಕ್ಕಾಗಿಯೇ ಜಮೀನಿದ್ದರೂ ಇಲ್ಲದಿದ್ದರೂ ಪ್ರತಿ ಮನೆಗೂ ನೀರಿನಲ್ಲಿ ಸಮಪಾಲೆಂದು ಗೊತ್ತುಮಾಡಿದರು. ಜಮೀನಿಲ್ಲದವನು ತನ್ನ ಪಾಲನ್ನು ಬೇರೆಯವರಿಗೆ ಮಾರಬಹುದಾಗಿತ್ತು. ಕಾವಲುಗಾರನಿಲ್ಲದೆಯೇ ಬೆಟ್ಟ ಹಸಿರಾಯಿತು, ಹುಲ್ಲು ಬೆಳೆಯಿತು, ಹಾಲಿನ ಎಮ್ಮೆಗಳು ಹೆಚ್ಚಿದವು.

ಮುಂದೆ ಈ ಸಮಪಾಲಿನ ಪದ್ಧತಿ ಸಡಿಲಗೊಂಡು, ಹಣ ಕೊಟ್ಟು ನೀರು ಪಡೆಯುವ ಕ್ರಮ ಬಂದಿತೆಂಬುದನ್ನೂ ಇಲ್ಲಿಯೇ ಹೇಳಬೇಕು. ಸಂಘವೆಂಬುದು ಒಮ್ಮೆ ಕಟ್ಟಿ ಬಿಡುವ ಒಡ್ಡಲ್ಲ. ವರ್ಷವರ್ಷವೂ ಹೂಳೆತ್ತಬೇಕಾದ ಕೆರೆ.

ನಿಯಮಗಳ ಸಾರ

ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ಅವರು ಜಗತ್ತಿನ ಹಲವು ದೇಶಗಳ ಸಾಮೂಹಿಕ ನೀರಾವರಿ, ಮೀನುಗಾರಿಕೆ, ಗೋಮಾಳಗಳ ವ್ಯವಸ್ಥೆಗಳನ್ನು ಅಭ್ಯಸಿಸಿ 1990ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಅವರು ಕಂಡ ಸಾರಾಂಶವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು:

1. ನೀರು ಯಾರದು, ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಗಿರಬೇಕು.
2. ನಿಯಮಗಳು ಆ ನೆಲಕ್ಕೂ ಮಳೆಗೂ ಹೊಂದಿಕೊಂಡಿರಬೇಕು.
3. ನಿಯಮಕ್ಕೆ ಒಳಪಡುವವರೇ ನಿಯಮವನ್ನು ಮಾಡಬೇಕು.
4. ಕಾವಲು ಕಾಯುವವನು ಬಳಕೆದಾರರಿಗೆ ಉತ್ತರವಾದಿಯಾಗಿರಬೇಕು.
5. ತಪ್ಪಿಗೆ ದಂಡವು ಮೊದಲು ಚಿಕ್ಕದಾಗಿ, ಮತ್ತೆ ಮತ್ತೆ ತಪ್ಪಿದರೆ ದೊಡ್ಡದಾಗಬೇಕು.
6. ಜಗಳವನ್ನು ಬೇಗನೆ, ಖರ್ಚಿಲ್ಲದೆ ತೀರಿಸುವ ಕಟ್ಟೆಯೊಂದು ಬೇಕು.
7. ಊರಿನ ಈ ಅಧಿಕಾರವನ್ನು ಸರಕಾರವು ಮನ್ನಿಸಬೇಕು.
8. ನೀರು ಹಲವು ಊರುಗಳಿಗೆ ಸೇರಿದ್ದಾದರೆ, ಊರಿನ ಸಂಘಗಳ ಮೇಲೆ ಅವನ್ನು ಕೂಡಿಸುವ ಸಂಘವೊಂದಿರಬೇಕು.

ನೀರಗಂಟಿಯ ಪದ್ಧತಿಯಲ್ಲಿ ಇವುಗಳಲ್ಲಿ ಹಲವು ಅಂಶಗಳಿದ್ದುದನ್ನು ಓದುಗರು ಗಮನಿಸಿರಬಹುದು. ಇಲ್ಲದಿದ್ದುದು ಮೂರನೆಯದರ ಪೂರ್ಣತೆ. ಹೊಲವಿಲ್ಲದವರಿಗೂ ಹೆಣ್ಣುಮಕ್ಕಳಿಗೂ ಅಲ್ಲಿ ಮಾತಿರಲಿಲ್ಲ.

ಸರಕಾರಗಳೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿವೆ. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಜಲಸಂವರ್ಧನೆ ಯೋಜನೆಯು 2002ರಲ್ಲಿ ಆರಂಭವಾಗಿ ಬಳಕೆದಾರರ ಸಂಘಗಳ ಮೂಲಕ ಕೆರೆಗಳ ಪುನರುಜ್ಜೀವನವನ್ನು ಕೈಗೊಂಡಿತು. ತಮಿಳುನಾಡು 2000ದಲ್ಲಿ ರೈತರಿಂದ ನೀರಾವರಿ ನಿರ್ವಹಣೆಯ ಕಾಯ್ದೆಯನ್ನು ತಂದು, 2017ರಲ್ಲಿ ಕುಡಿಮರಾಮತ್ತು ಎಂಬ ಹಳೆಯ ಹೆಸರಿನಲ್ಲೇ ಹೊಸ ಯೋಜನೆಯನ್ನು ಆರಂಭಿಸಿತು. ಹಣವನ್ನು ಹೊರಗಿನಿಂದ ತರಬಹುದು. ಹೂಳನ್ನು ಯಂತ್ರದಿಂದ ಎತ್ತಿಸಬಹುದು. ಆದರೆ ಯಂತ್ರವು ಹಿಂದಿರುಗಿದ ಮೇಲೆ ತೂಬಿನ ಬಳಿ ನಿಲ್ಲುವವರು ನಾವೇ.

ನಮ್ಮ ಪಾಲಿನ ಕರ್ತವ್ಯ

ನಮ್ಮ ಸೀಮೆಗೆ ಎರಡು ಬಲಗಳಿವೆ. ಒಂದು, ನಾಟಿ ಕಳೆ ಕೊಯ್ಲುಗಳಲ್ಲಿ ಒಬ್ಬರಿಗೊಬ್ಬರು ದುಡಿದುಕೊಡುವ ಮುಯ್ಯಾಳಿನ ಪದ್ಧತಿ. ಎರಡು, ಹೆಣ್ಣುಮಕ್ಕಳ ಉಳಿತಾಯ ಸಂಘಗಳು. 1989ರಲ್ಲಿ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ ತಮಿಳುನಾಡಿನ ಮಹಿಳಾ ಅಭಿವೃದ್ಧಿ ಯೋಜನೆಯು ಆರಂಭವಾದುದು ಆಗ ನಾವು ಸೇರಿದ್ದ ಧರ್ಮಪುರಿ ಜಿಲ್ಲೆಯಲ್ಲಿಯೇ. ವಾರವಾರ ಸೇರಿ, ಲೆಕ್ಕ ಬರೆದು, ಸಾಲ ಕೊಟ್ಟು ವಸೂಲುಮಾಡಿದ ತಾಯಂದಿರು ನಮ್ಮಲ್ಲಿದ್ದಾರೆ. ಹಣವನ್ನು ಕದಡದಂತೆ ಹಂಚಬಲ್ಲವರಿಗೆ ನೀರನ್ನು ಹಂಚುವುದು ಕಷ್ಟವಾಗಲಾರದು.

ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ನಮ್ಮಲ್ಲಿ ಎಂಜಿನಿಯರರಿದ್ದಾರೆ, ಅಧ್ಯಾಪಕರಿದ್ದಾರೆ, ಬ್ಯಾಂಕಿನಲ್ಲಿರುವವರಿದ್ದಾರೆ. ಈ ಮಹೋತ್ಸವದ ನೆನಪಿಗಾಗಿ, ಸುತ್ತಲಿನ ಹಳ್ಳಿಗಳ ಕೆರೆಕುಂಟೆಗಳನ್ನು ಶಾಲೆಯ ಮಕ್ಕಳೊಡನೆ ನಡೆದು ಅಳೆದು, ಅವುಗಳ ಹೆಸರು, ತೂಬು, ಕೋಡಿ, ಹೂಳಿನ ಆಳ, ನೀರುಣ್ಣುವ ಹೊಲಗಳು, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ. ಹಿರಿಯರು ಬಲ್ಲ ಹೆಸರುಗಳು ಅವರೊಂದಿಗೆ ಮರೆಯಾಗುವ ಮುನ್ನ ಈ ಕೆಲಸವಾಗಬೇಕು. ಬಳಿಕ ಒಂದೇ ಒಂದು ಊರಿನಲ್ಲಿ, ಒಂದೇ ಒಂದು ಕುಂಟೆಯನ್ನು, ಹೊಲವಿಲ್ಲದ ಮನೆಗೂ ಪಾಲಿಟ್ಟು ನಡೆಸಿ ನೋಡೋಣ. ಹನಿಗೂಡಿದರೆ ಹಳ್ಳವೆಂಬ ಮಾತು ನಮಗೆ ಹೊಸದಲ್ಲ.

ಬಾಲ್ಯದ ಆ ಸಹಪಾಠಿಯು ಈಗ ಎಲ್ಲಿದ್ದಾನೋ ನಾನರಿಯೆ. ಶಾಲೆಯ ಶತಮಾನೋತ್ಸವದ ಹೊತ್ತಿಗೆ, ಸಂಕ್ರಾಂತಿಯ ಮರುವಾರ ಹಾಜರಿ ಕೂಗುವಾಗ ಪ್ರತಿಯೊಂದು ಹೆಸರಿಗೂ ‘ಇದ್ದೇನೆ’ ಎಂಬ ಉತ್ತರ ಬರುವಂತಾಗಲಿ ಎಂದು ಹಾರೈಸುತ್ತೇನೆ.