ಕೂದಲು ಉದುರಿತೆಂದು ಚಿಕಿತ್ಸೆ ಬಿಡಬೇಡಿ

"ಸಾಹೇಬ್ರ, ಮುಂದಿನ ಸಲಾಯಿನ್ ಬ್ಯಾಡ್ರಿ."

ಇಂಗಳೇಶ್ವರದ ನನ್ನ ದವಾಖಾನೆಗೆ ಬಂದ ಮಹಿಳೆಯೊಬ್ಬರ ಮಾತಿದು. ಸ್ತನ ಕ್ಯಾನ್ಸರಿಗೆ ಕಿಮೊಥೆರಪಿಯ ಮೊದಲ ಸರದಿ ಮುಗಿದಿತ್ತು. ಮೂರನೆಯ ವಾರ ತಲೆ ಬಾಚುವಾಗ ಕೂದಲು ಹಿಡಿಹಿಡಿಯಾಗಿ ಕೈಗೆ ಬಂದಿತ್ತು. ಮುತ್ತೈದೆಯ ತಲೆ ಬೋಳಾಗುವುದು ಅಪಶಕುನವೆಂದು ಮನೆಯ ಹಿರಿಯರೂ ಹೆದರಿದ್ದರು. ರೋಗಕ್ಕಿಂತ ಕೂದಲಿನ ಚಿಂತೆಯೇ ದೊಡ್ಡದಾಗಿತ್ತು.

ಏಕೆ ಉದುರುತ್ತದೆ?

ಕ್ಯಾನ್ಸರ್ ಜೀವಕೋಶಗಳು ಬೇಗ ಬೇಗ ವಿಭಜನೆಗೊಳ್ಳುತ್ತವೆ. ಕಿಮೊಥೆರಪಿಯ ಔಷಧಿಗಳು ಇಂಥ ಕೋಶಗಳನ್ನು ನಾಶಮಾಡುತ್ತವೆ. ಕೂದಲ ಬುಡದ ಕೋಶಗಳೂ ಅಷ್ಟೇ ವೇಗವಾಗಿ ವಿಭಜಿಸುವುದರಿಂದ ಅವುಗಳಿಗೂ ಪೆಟ್ಟು ಬೀಳುತ್ತದೆ. ಹೊಲದಲ್ಲಿ ಎಡೆ ಹೊಡೆಯುವಾಗ ಕಳೆಯೊಂದಿಗೆ ನಾಲ್ಕು ಜೋಳದ ಸಸಿಗೂ ಪೆಟ್ಟಾಗುವುದಿಲ್ಲವೇ? ಹಾಗೆಯೇ ಇದು. ತಲೆಗೂದಲಲ್ಲಿ ನೂರಕ್ಕೆ 85ರಿಂದ 90 ಭಾಗ ಸದಾ ಬೆಳೆಯುತ್ತಿರುವುದರಿಂದ, 2-3 ವಾರಗಳಲ್ಲಿ ಬಹುಪಾಲು ಒಮ್ಮೆಲೇ ಉದುರುತ್ತದೆ. ಹುಬ್ಬು, ರೆಪ್ಪೆಯ ಕೂದಲೂ ಉದುರಬಹುದು.

ಎಲ್ಲ ಔಷಧಿಗಳೂ ಹೀಗೆ ಮಾಡುವುದಿಲ್ಲ. ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್‌ಗಳಿಂದ ಹೆಚ್ಚು. ಇನ್ನು ಕೆಲವುಗಳಿಂದ ಕೂದಲು ತೆಳುವಾಗುತ್ತದೆ, ಅಷ್ಟೆ. ಜನ 'ಕರೆಂಟ್' ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ, ಕಿರಣ ಬಿದ್ದ ಜಾಗದ ಕೂದಲು ಮಾತ್ರ ಹೋಗುತ್ತದೆ. ತಲೆಗೆ ಹೆಚ್ಚು ಪ್ರಮಾಣದ ವಿಕಿರಣ ಕೊಟ್ಟಿದ್ದರೆ ಆ ಜಾಗದಲ್ಲಿ ಮರಳಿ ಬಾರದಿರಬಹುದು.

ಮತ್ತೆ ಬರುತ್ತದೆಯೇ?

ಕಿಮೊಥೆರಪಿಯಿಂದ ಹೋದ ಕೂದಲು ಬಹುತೇಕ ಎಲ್ಲರಿಗೂ ಮರಳುತ್ತದೆ. ಚಿಕಿತ್ಸೆ ಮುಗಿದ 1-3 ತಿಂಗಳಲ್ಲಿ ನವಿರು ಕೂದಲು ಕಾಣಿಸಿಕೊಂಡು, ಬಳಿಕ ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಮೊದಮೊದಲು ಗುಂಗುರಾಗಿಯೋ ಬೇರೆ ಬಣ್ಣವಾಗಿಯೋ ಇರಬಹುದು. ಅಪರೂಪಕ್ಕೆ ಕೆಲವರಿಗೆ ಮೊದಲಿನಷ್ಟು ದಟ್ಟವಾಗಿ ಬರುವುದಿಲ್ಲ.

ಕೂದಲು ಉದುರಿದರೆ ಔಷಧಿ ನಾಟಿತು, ಉದುರದಿದ್ದರೆ ನಾಟಲಿಲ್ಲ ಎಂಬುದು ತಪ್ಪು ತಿಳಿವಳಿಕೆ.

ಏನು ಮಾಡಬೇಕು?

* ಚಿಕಿತ್ಸೆಗೆ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋದಾಗ, ಕೂದಲು ಉದುರುವುದೇ ಎಂದು ಮೊದಲೇ ಕೇಳಿಕೊಳ್ಳಿ.

* ಮುಂಚೆಯೇ ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡರೆ ಆಘಾತ ಕಡಿಮೆ.

* ಅಗಲ ಹಲ್ಲಿನ ಬಾಚಣಿಗೆ, ಸೌಮ್ಯ ಶಾಂಪೂ ಬಳಸಿ. ಬಣ್ಣ ಹಚ್ಚಬೇಡಿ.

* ನಮ್ಮ ಬಿಸಿಲಿಗೆ ಬೋಳು ನೆತ್ತಿ ಸುಡುತ್ತದೆ. ಹತ್ತಿಯ ಸೆರಗು, ರುಮಾಲು, ಟೋಪಿ ಇರಲಿ. ಬೇಕೆನಿಸಿದರೆ ವಿಗ್ ಧರಿಸಬಹುದು.

* ಉದುರುವುದನ್ನು ನಿಲ್ಲಿಸುವ ಎಣ್ಣೆ, ಗುಳಿಗೆ ಯಾವುದೂ ಇಲ್ಲ. ನೆತ್ತಿಯನ್ನು ತಂಪಾಗಿಡುವ ಟೋಪಿಯ ಸೌಲಭ್ಯ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿದೆ. ಅದೂ ಎಲ್ಲರಿಗೂ ಫಲ ಕೊಡುವುದಿಲ್ಲ, ರಕ್ತದ ಕ್ಯಾನ್ಸರಿನವರಿಗೆ ಸಲ್ಲದು.

ನಿಜವಾಗಿ ಹೆದರಬೇಕಾದದ್ದು ಜ್ವರಕ್ಕೆ. ಚಿಕಿತ್ಸೆಯಿಂದ ಬಿಳಿ ರಕ್ತಕಣಗಳೂ ಕಡಿಮೆಯಾಗಿರುತ್ತವೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಗುಳಿಗೆ ನುಂಗಿ ಕಾಯದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಆ ಮಹಿಳೆಯ ಅತ್ತೆಯನ್ನು ಕೂಡಿಸಿ ಇಷ್ಟನ್ನೂ ವಿವರಿಸಿದೆ. ಮುಂದಿನ ಸರದಿಗೆ ಸೊಸೆಯನ್ನು ಅವರೇ ಬಸ್ಸು ಹತ್ತಿಸಿದರು. ಚಿಕಿತ್ಸೆ ಪೂರ್ತಿಯಾಯಿತು. ಮೊನ್ನೆ ಬಂದಾಗ ಸೆರಗು ಸರಿಸಿ, ಬೆರಳಗಲ ಬೆಳೆದ ಕೂದಲನ್ನು ನಗುತ್ತ ತೋರಿಸಿದರು.