ಹಸುಳೆಯ ರಕ್ತಪರೀಕ್ಷೆಯ ಅಂಕಿಗಳು

ದೊಡ್ಡಉಳ್ಳಾರ್ತಿಯ ತಾಯಿಯವರಿಗೆ,

ಹುಟ್ಟಿದ ದಿನವೇ ಮೊಮ್ಮಗನ ಬಿಳಿರಕ್ತಕಣಗಳು 18,000 ಇದ್ದು, ರಿಪೋರ್ಟಿನಲ್ಲಿ ‘ಹೆಚ್ಚು’ ಎಂಬ ಗುರುತು ಕಂಡು ತಾವು ತಲ್ಲಣಿಸಿರುವುದು ಸಹಜವೇ; ಆದರೆ ಆ ಗುರುತನ್ನೊತ್ತುವ ಯಂತ್ರವು ಬಹುಮಟ್ಟಿಗೆ ವಯಸ್ಕರ 11,000ದ ಮಿತಿಯನ್ನು ಬಲ್ಲುದೇ ಹೊರತು, ಮೊದಲ ದಿನ ಆರೋಗ್ಯವಂತ ಶಿಶುವಿನಲ್ಲಿಯೂ ಅದು 30,000ದವರೆಗೆ ಇರಬಹುದೆಂಬುದನ್ನು ಅರಿಯದು. ಎಣಿಕೆ 5,000ಕ್ಕಿಂತ ಕೆಳಗಿಳಿದಿದ್ದರೆ ನಾನು ಹೆಚ್ಚು ಚಿಂತಿಸುತ್ತಿದ್ದೆ.

ಸೋಂಕಿನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಸಿಆರ್‌ಪಿ ಎಂಬ ಪ್ರೋಟೀನಿನ ವಿಷಯ ಇನ್ನೂ ಸೂಕ್ಷ್ಮ. ಸೋಂಕು ತಗುಲಿದ ಮೇಲೆ ಅದು ಏರಲು 6ರಿಂದ 12 ಗಂಟೆ ಹಿಡಿಯುವುದರಿಂದ ಮೊದಲ ಪರೀಕ್ಷೆ ಸರಿಯಿದ್ದಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ದೀರ್ಘಪ್ರಸವದಿಂದಲೂ ಅದು ಏರಬಲ್ಲುದಾದ್ದರಿಂದ ತಮ್ಮ ರಿಪೋರ್ಟಿನ 14 ಎಂಬ ಒಂಟಿ ಅಂಕಿಯಿಂದ ರೋಗವನ್ನು ಸಾರುವಂತೆಯೂ ಇಲ್ಲ. ಅಳತೆಯ ಮಾನವನ್ನೂ ನೋಡಿರಿ: ಲೀಟರಿಗೆ 10 ಮಿಲಿಗ್ರಾಂ ಎಂಬ ರೂಢಿಯ ಮಿತಿಯೇ ಡೆಸಿಲೀಟರಿನ ಲೆಕ್ಕದಲ್ಲಿ 1 ಆಗುವುದು; ಚಳ್ಳಕೆರೆಯ ರಿಪೋರ್ಟನ್ನು ಚಿತ್ರದುರ್ಗದ ರಿಪೋರ್ಟಿನೊಡನೆ ಹೋಲಿಸುವವರು ಎಡವುವುದು ಇಲ್ಲಿಯೇ. 24 ಗಂಟೆಗಳ ಅಂತರದ ಎರಡು ಪರೀಕ್ಷೆಗಳೂ ಸರಿಯಿದ್ದು, ಮಗು ಲವಲವಿಕೆಯಿಂದಿದ್ದರೆ, ಸೋಂಕಿನ ಸಂಭವ ಬಹಳ ಕಡಮೆ.

ರಕ್ತದಲ್ಲಿ ರೋಗಾಣು ಬೆಳೆಯುವುದೇ ಎಂದು ನೋಡುವ ಬ್ಲಡ್ ಕಲ್ಚರಿನ ಫಲಿತಾಂಶಕ್ಕೆ 36ರಿಂದ 48 ಗಂಟೆ ಕಾಯಬೇಕು. ಅಲ್ಲಿಯವರೆಗೆ ವೈದ್ಯರು ಆಂಟಿಬಯಾಟಿಕ್ ಇಂಜೆಕ್ಷನ್ ಮುಂದುವರಿಸುವುದು ಹಣದಾಸೆಯಿಂದೆಂದು ನೆರೆಹೊರೆಯವರು ಆಡಿಕೊಂಡರೂ, ತಾವು ಮಗುವನ್ನು ಆಸ್ಪತ್ರೆಯಿಂದ ನಡುವೆಯೇ ಬಿಡಿಸಿಕೊಂಡು ಬರಕೂಡದು.

ಮನೆಗೆ ಬಂದ ಮೇಲೆ ಕಾಗದಕ್ಕಿಂತ ಮಗುವನ್ನೇ ನೋಡಿರಿ. ಮೊಲೆ ಚೀಪದಿದ್ದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಾದರೆ, ಎದೆಗೂಡು ಒಳಗೆ ಸೆಳೆದರೆ, ಆಶಾ ಕಾರ್ಯಕರ್ತೆಯ ಮುಂದಿನ ಭೇಟಿಗೂ ಕಾಯದೆ 108ಕ್ಕೆ ಕರೆಮಾಡಿರಿ.