ಗೊಬ್ಬರ-ಔಷಧಿ ವರ್ತಕರಿಗೆ ದೊರೆಯುವ ಸೋಡಿಯೂ ತೆರಿಗೆಯ ಲೆಕ್ಕವೂ

ಬೇಸಾಯಗಾರರಿಗೆ ರಸಗೊಬ್ಬರ, ಕೀಟನಾಶಕಗಳನ್ನು ಒದಗಿಸುವ ವರ್ತಕರಿಗೂ ಸಹಕಾರ ಸಂಘಗಳಿಗೂ ಸರಬರಾಯಿ ಮಾಡುವ ಕಂಪೆನಿಯವರು ಸೋಡಿಯನ್ನು, ಎಂದರೆ ಡಿಸ್ಕೌಂಟನ್ನು, ಕೊಡುವುದುಂಟು. ಮಾಲಿನೊಡನೆ ಬರುವ ಬಿಲ್ಲಿನಲ್ಲಿಯೇ ಸೋಡಿಯನ್ನು ಕಳೆದಿದ್ದರೆ ತೊಡಕಿಲ್ಲ. ಉಳಿದ ಮೊಬಲಗಿನ ಮೇಲೆ ಮಾತ್ರ ತೆರಿಗೆ ಬೀಳುವುದು. ಹಂಗಾಮು ಮುಗಿದ ಬಳಿಕ, ಕೊಂಡ ಒಟ್ಟು ಮಾಲನ್ನು ನೋಡಿ ಕೊಡುವ ಸೋಡಿಯಲ್ಲಿಯೇ ಲೆಕ್ಕ ಕೆಡುವುದು.

ಕೆಂಗೇರಿಯ ವರ್ತಕನೊಬ್ಬನು 1,00,000 ರೂಪಾಯಿಗಳ ರಾಸಾಯನಿಕ ಕೀಟನಾಶಕವನ್ನು ಕೊಂಡು, ನೂರಕ್ಕೆ 18ರಂತೆ 18,000 ರೂಪಾಯಿ ಸರಕು ಮತ್ತು ಸೇವಾ ತೆರಿಗೆಯನ್ನು ತೆತ್ತನೆಂದು ಇಟ್ಟುಕೊಳ್ಳಬಹುದು. ಇದು ಅವನ ಹೂಡುವಳಿ ತೆರಿಗೆ. ತಾನು ಮಾರಿದಾಗ ಕಟ್ಟಬೇಕಾದ ತೆರಿಗೆಯಲ್ಲಿ ಇದನ್ನು ಮುಜರಾ ಪಡೆಯುವನು. ತರುವಾಯ ಕಂಪೆನಿಯು ನೂರಕ್ಕೆ 10ರಂತೆ ಸೋಡಿ ಕೊಡುವುದು. ಅದಕ್ಕಾಗಿ ಬಂದ ಕ್ರೆಡಿಟ್ ನೋಟು 11,800 ರೂಪಾಯಿಗಳದ್ದಾಗಿದ್ದು, ಅದರಲ್ಲಿ 1,800 ತೆರಿಗೆಯೆಂದು ಬೇರೆ ತೋರಿಸಿದ್ದರೆ, ನಿಜವಾದ ಸೋಡಿ 10,000 ಮಾತ್ರ. ಕಂಪೆನಿಯು ತಾನು ಸರ್ಕಾರಕ್ಕೆ ಸಲ್ಲಿಸಬೇಕಾದ ತೆರಿಗೆಯನ್ನು ಅಷ್ಟರಮಟ್ಟಿಗೆ ಇಳಿಸಿಕೊಳ್ಳುವುದರಿಂದ, ವರ್ತಕನೂ ತನ್ನ ಮುಜರೆಯಿಂದ 1,800ನ್ನು ಬಿಟ್ಟುಕೊಡತಕ್ಕದ್ದು. ನೋಟು ತೆರಿಗೆಯ ಮಾತಿಲ್ಲದೆ ಬರಿಯ 10,000ಕ್ಕೆ ಬಂದಿದ್ದರೆ ಮುಜರೆಯನ್ನು ಮುಟ್ಟಬೇಕಾಗಿಲ್ಲ. ಕೇಂದ್ರ ಪರೋಕ್ಷ ತೆರಿಗೆ ಮಂಡಲಿಯು 2025ನೆಯ ಸೆಪ್ಟೆಂಬರ್ 12ರ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಎರಡು ಪಕ್ಷದಲ್ಲಿಯೂ ಮಾಲಿನ ಅಸಲು 90,000. ರಸಗೊಬ್ಬರಕ್ಕೆ ತೆರಿಗೆ ನೂರಕ್ಕೆ 5. ಲೆಕ್ಕದ ರೀತಿ ಅದೇ.

11,800ನ್ನೂ ಲಾಭದ ಖಾತೆಗೆ ಬರೆಯುವುದೇ ಸಾಮಾನ್ಯವಾದ ತಪ್ಪು. ಆ ಲಾಭವನ್ನು ನಂಬಿ ಸಹಕಾರ ಸಂಘವು ಸದಸ್ಯರಿಗೆ ಹಂಚಿಬಿಟ್ಟರೆ, ಮುಂದೆ ತನಿಖೆಯಲ್ಲಿ 1,800 ರೂಪಾಯಿಗಳನ್ನೂ ಅದರ ಮೇಲಿನ ಬಡ್ಡಿಯನ್ನೂ ರೈತರ ಹಣದಿಂದಲೇ ತೆರಬೇಕಾದೀತು. ಇದು ಚಿಕ್ಕ ಸಂಘಕ್ಕೆ ಹಗುರವಾದ ಹೊರೆಯಲ್ಲ.

ಬಿಲ್ಲಾದ ಮೇಲೆ ಕೊಟ್ಟ ಸೋಡಿಯ ವಿವಾದವು ಹೊಸದೇನಲ್ಲ. ಕರ್ನಾಟಕದಲ್ಲಿ 2005ರಿಂದ 2017ರವರೆಗೆ ಜಾರಿಯಲ್ಲಿದ್ದ ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿ, ಮೂಲ ಬಿಲ್ಲಿನಲ್ಲಿ ತೋರಿಸದ ಸೋಡಿಯನ್ನು ಮಾರಿದವನ ವಹಿವಾಟಿನಿಂದ ಕಳೆಯಲಾಗದೆಂದು ತೆರಿಗೆ ಇಲಾಖೆಯು ವಾದಿಸಿತು. ಸದರ್ನ್ ಮೋಟಾರ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ನೆಯ ಜನವರಿಯಲ್ಲಿ ಆ ವಾದವನ್ನು ಒಪ್ಪಲಿಲ್ಲ. ಸೋಡಿಯು ಲೆಕ್ಕಪತ್ರಗಳಿಂದ ರುಜುವಾತಾದರೆ ಸಾಕೆಂದಿತು. ಆದಕಾರಣ ಕ್ರೆಡಿಟ್ ನೋಟುಗಳನ್ನು ಆಯಾ ಬಿಲ್ಲುಗಳೊಡನೆ ಸೇರಿಸಿ ಕಾಪಾಡುವುದು ಅವಶ್ಯ.

ಇನ್ನೊಂದು ಸಂಗತಿ. ಹೊಲದಲ್ಲಿ ಪ್ರಾತ್ಯಕ್ಷಿಕೆ ನಡೆಸಿಕೊಡುವುದು, ಜಾಹೀರಾತು ಮಾಡುವುದು ಮೊದಲಾದ ಕೆಲಸಗಳಿಗೆಂದು ಸ್ಪಷ್ಟ ಕರಾರಿನ ಮೇಲೆ ಕಂಪೆನಿಯು ಕೊಟ್ಟ ಹಣವು, ಹೆಸರಿಗೆ ಸೋಡಿಯಾದರೂ, ವರ್ತಕನ ಸೇವೆಯ ಪ್ರತಿಫಲವೇ ಸರಿ. ತೆರಿಗೆಗೆ ನೋಂದಾಯಿತನಾದ ವರ್ತಕನು ಅದಕ್ಕೆ ಕಂಪೆನಿಯ ಹೆಸರಿಗೆ ಬಿಲ್ಲು ಬರೆದು ತೆರಿಗೆ ಕಟ್ಟತಕ್ಕದ್ದು.